ಕರ್ನಲ್ ಮೆಕೆಂಜಿಯ ಪಟದೊಳಗಿನ ನಾಲ್ವರು

ಯೂರೋಪಿನ ಚಿತ್ರಕಲೆಯಲ್ಲಿ ಬರೋಕ್ ಎಂದು ಹೆಸರಾದ ಒಂದು ಶೈಲಿಯುಂಟು. ಹದಿನೇಳನೆಯ ಶತಮಾನದಲ್ಲಿ ಅದು ಅಲ್ಲಿನ ಅರಮನೆಗಳನ್ನೂ ಇಗರ್ಜಿಗಳನ್ನೂ ತುಂಬಿತು. ಆ ಶೈಲಿಯ ಭಾವಚಿತ್ರಗಳಲ್ಲಿ ಹಿನ್ನೆಲೆ ಸಾಮಾನ್ಯವಾಗಿ ಕಪ್ಪು; ಒಂದು ಕಡೆಯಿಂದ ಬಂದ ಬೆಳಕು ಮುಖದ ಮೇಲೂ ಕೈಗಳ ಮೇಲೂ ಬಿದ್ದಿರುತ್ತದೆ; ಉಡುಪಿನ ಮಡಿಕೆಗಳಲ್ಲಿ ರೇಷ್ಮೆಯೋ ಮಕಮಲ್ಲೋ ಮಿನುಗುತ್ತದೆ. ಚಿತ್ರದಲ್ಲಿರುವವನು ಯಾರೆಂದು ತಿಳಿಸಲು ಅಲ್ಲಿ ಅಕ್ಷರಗಳ ಅಗತ್ಯವಿಲ್ಲ. ಅವನ ಪಕ್ಕದಲ್ಲಿರಿಸಿದ ವಸ್ತುವೇ ಅದನ್ನು ಸಾರುತ್ತದೆ. ಸೇನಾನಿಗೆ ಕತ್ತಿ, ಪಂಡಿತನಿಗೆ ಗ್ರಂಥ, ವಾಸ್ತುಶಿಲ್ಪಿಗೆ ಕೈವಾರ ಮತ್ತು ನಕ್ಷೆ. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರಶಾಲೆಯಲ್ಲಿರುವ ಸರ್ ಕ್ರಿಸ್ಟೋಫರ್ ರೆನ್ನನ ತೈಲಚಿತ್ರ ಇದಕ್ಕೊಂದು ಒಳ್ಳೆಯ ಮಾದರಿ. ಗಾಡ್‌ಫ್ರಿ ನೆಲ್ಲರ್ ಎಂಬ ಕಲಾವಿದ 1711ರಲ್ಲಿ ಅದನ್ನು ಬರೆದ. ರೆನ್ನನಿಗೆ ಆಗ ಎಂಬತ್ತರ ಸಮೀಪದ ವಯಸ್ಸು. ಇಳಿಬಿದ್ದ ದೊಡ್ಡ ಕೃತಕ ಕೇಶ, ಕೈಯಲ್ಲಿ ಕೈವಾರ, ಪಕ್ಕದಲ್ಲಿ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ನಕ್ಷೆ. 1666ರ ಮಹಾ ಅಗ್ನಿಯಲ್ಲಿ ಸುಟ್ಟುಹೋದ ಆ ಇಗರ್ಜಿಯನ್ನು 1675ರಿಂದ ಮೂವತ್ತೈದು ವರ್ಷಗಳ ಕಾಲ ನಿಂತು ಕಟ್ಟಿಸಿದ ವಾಸ್ತುಶಿಲ್ಪಿಯೇ ಈತ ಎಂಬುದನ್ನು ಆ ನಕ್ಷೆಯೊಂದೇ ನೋಡುವವರಿಗೆ ತಿಳಿಸಿಬಿಡುತ್ತದೆ.

ನಮ್ಮ ನಾಡಿನಲ್ಲಿ ಕಟ್ಟಿದವರಿಗೆ ಇಂಥ ಪಟಗಳಿಲ್ಲ. ಬಳ್ಳಾರಿಯಲ್ಲಿ ಕನ್ನಡ ಪಾಠ ಹೇಳುವ ನಾನು ಆಗಾಗ ವಿದ್ಯಾರ್ಥಿಗಳನ್ನು ಕುರುಗೋಡಿಗೆ ಕರೆದೊಯ್ಯುವುದುಂಟು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದರ ಒಂದು ಶಾಖೆ ಅಲ್ಲಿಂದ ಆಳಿತು. ಹಳೆ ಕುರುಗೋಡಿನ ಗುಡ್ಡದ ತಪ್ಪಲಿನಲ್ಲಿ ಆ ಕಾಲದ ಕಲ್ಲುಗುಡಿಗಳಿವೆ. ಊರೊಳಗೆ ದೊಡ್ಡಬಸವೇಶ್ವರನ ಗುಡಿಯಲ್ಲಿ ಆಳೆತ್ತರವನ್ನು ಮೀರಿದ ಏಕಶಿಲೆಯ ನಂದಿ ಕುಳಿತಿದೆ. ಇವನ್ನೆಲ್ಲ ಕಟ್ಟಿದವರಾರು ಎಂಬುದೇ ಹುಡುಗರ ಮೊದಲನೆಯ ಪ್ರಶ್ನೆ. ನಾನು ಅರಸರ ಮನೆತನದ ಹೆಸರನ್ನು ಹೇಳುತ್ತೇನೆ. ಅವರು ಕೇಳಿದ್ದು ಅದನ್ನಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಬಳ್ಳಾರಿಯ ಕೋಟೆಯ ಕಥೆ ಇದಕ್ಕಿಂತ ಕಠೋರವಾದುದು. ಬೆಟ್ಟದ ನೆತ್ತಿಯ ಮೇಲಿನ ಕೋಟೆ ಹನುಮಪ್ಪನಾಯಕನದು. 1769ರ ಅನಂತರ ಊರು ಹೈದರಾಲಿಯ ವಶಕ್ಕೆ ಬಂದಾಗ ಅವನು ಕೆಳಗಿನ ಕೋಟೆಯನ್ನು ಕಟ್ಟಿಸಿದ. ಅದಕ್ಕೆ ಒಬ್ಬ ಫ್ರೆಂಚ್ ಇಂಜಿನಿಯರನನ್ನು ನೇಮಿಸಿದ್ದನೆಂದೂ, ಕೆಲಸ ಮುಗಿದ ಮೇಲೆ ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಾಗಿದೆಯೆಂದು ಕಂಡು ಅವನನ್ನು ಬಾಗಿಲಲ್ಲೇ ಗಲ್ಲಿಗೇರಿಸಿದನೆಂದೂ ಊರಿನ ಐತಿಹ್ಯ ಹೇಳುತ್ತದೆ. ಕಥೆ ಎಷ್ಟು ನಿಜವೋ ಏನೋ, ಬಳ್ಳಾರಿಯ ಮಕ್ಕಳೆಲ್ಲ ಅದನ್ನು ಬಲ್ಲರು. ಆ ಫ್ರೆಂಚನ ಹೆಸರು ಮಾತ್ರ ಆ ಕಥೆಯಲ್ಲಿಲ್ಲ. ಕಟ್ಟಿದವನ ತಪ್ಪು ಉಳಿದು ಹೆಸರು ಅಳಿದುಹೋದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಈ ಹಿನ್ನೆಲೆಯಲ್ಲಿ ನಮ್ಮ ಸೀಮೆಯನ್ನು ಅಳೆದ ಒಬ್ಬ ಇಂಜಿನಿಯರನ ತೈಲಚಿತ್ರವು ವಿಶೇಷವಾದ ಗಮನಕ್ಕೆ ಪಾತ್ರವಾಗುತ್ತದೆ. ಆತ ಕರ್ನಲ್ ಕಾಲಿನ್ ಮೆಕೆಂಜಿ. ಚಿತ್ರವನ್ನು ಬರೆದವನು ಡಬ್ಲಿನ್ ನಗರದ ಥಾಮಸ್ ಹಿಕ್ಕಿ, ಕಾಲ 1816. ಹಿಕ್ಕಿ ಇಟಲಿಯಲ್ಲಿ ಕಲಿತು ಬಂದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಅಧಿಕಾರಿಗಳನ್ನೂ ಟೀಪುವಿನ ಮಕ್ಕಳನ್ನೂ ದಿವಾನ್ ಪೂರ್ಣಯ್ಯನನ್ನೂ ಚಿತ್ರಿಸಿದವನು. 1824ರಲ್ಲಿ ಮದರಾಸಿನಲ್ಲೇ ತೀರಿಕೊಂಡವನು. ಅವನ ಕಾಲಕ್ಕೆ ಬರೋಕ್ ಶೈಲಿ ಯೂರೋಪಿನಲ್ಲಿ ಹಳತಾಗಿದ್ದಿತಾದರೂ ಮನುಷ್ಯನ ಪಕ್ಕದಲ್ಲಿ ಅವನ ಕೃತಿಯನ್ನಿರಿಸುವ ಆ ಶೈಲಿಯ ಸಂಪ್ರದಾಯ ಹಳತಾಗಿರಲಿಲ್ಲ. ಕಂಪನಿಯ ಹಡಗುಗಳೊಡನೆ ಅದೂ ಇಲ್ಲಿಗೆ ಬಂದಿತ್ತು. ಈ ಪಟ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಪಟ ದೊಡ್ಡದಲ್ಲ, ಎತ್ತರ ಎರಡಡಿಯೊಳಗೆ. ನಡುವೆ ಕಂಪನಿಯ ಕೆಂಪು ಸೇನಾ ಉಡುಪಿನಲ್ಲಿ ಅರವತ್ತರ ಗಡಿ ದಾಟಿದ ಮೆಕೆಂಜಿ ನಿಂತಿದ್ದಾನೆ. ಅವನ ಸುತ್ತ ಮೂವರು ಭಾರತೀಯರು. ಒಬ್ಬ ದುರ್ಬೀನು ಹಿಡಿದ ಜವಾನ. ಅವನ ಹೆಸರು ಕೃಷ್ಣಾಜಿ. ಇನ್ನಿಬ್ಬರು ಪಂಡಿತರು. ಒಬ್ಬನ ಕೈಯಲ್ಲಿ ಓಲೆಗರಿಯ ಕಟ್ಟು. ಇವರಲ್ಲಿ ಒಬ್ಬನನ್ನು ಜೈನ ಪಂಡಿತ ಧರ್ಮಯ್ಯನೆಂದೂ ಇನ್ನೊಬ್ಬನನ್ನು ಕಾವಲಿ ವೆಂಕಟ ಲಕ್ಷ್ಮಯ್ಯನೆಂದೂ ಸಾಮಾನ್ಯವಾಗಿ ಗುರುತಿಸುತ್ತಾರೆ. ದೂರದಲ್ಲಿ ಒಂದು ಬೆಟ್ಟ; ಅದರ ಮೇಲೆ ಗೊಮ್ಮಟ. ಅದನ್ನು ಶ್ರವಣಬೆಳಗೊಳದ ಗೊಮ್ಮಟನೆಂದು ಕೆಲವರೂ ಕಾರ್ಕಳದವನೆಂದು ಕೆಲವರೂ ಹೇಳಿದ್ದಾರೆ.

ಇಲ್ಲಿ ಒಂದು ತೊಡಕಿದೆ. ರೆನ್ನನ ಪಕ್ಕದಲ್ಲಿದ್ದುದು ರೆನ್ನನೇ ಕಟ್ಟಿದ ಇಗರ್ಜಿಯ ನಕ್ಷೆ. ಮೆಕೆಂಜಿಯ ಹಿಂದಿರುವ ಗೊಮ್ಮಟ ಮೆಕೆಂಜಿಯ ಕೃತಿಯಲ್ಲ. ಬೆಳಗೊಳದ್ದಾದರೆ ಅದು ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಮಾಡಿಸಿದ್ದು. ಕಾರ್ಕಳದ್ದಾದರೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಕೈಯಲ್ಲಿ ಹಿಡಿದ ಓಲೆಗರಿಯನ್ನು ಓದಬಲ್ಲವನು ಸಹ ಮೆಕೆಂಜಿಯಲ್ಲ, ಅವನ ಪಕ್ಕದಲ್ಲಿ ನಿಂತವನು. ಹಾಗಾದರೆ ಈ ಪಟದಲ್ಲಿ ಮೆಕೆಂಜಿಯ ಕೃತಿ ಯಾವುದು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಅವನ ಜೀವನವನ್ನು ಆರಂಭದಿಂದ ನೋಡಬೇಕು.

ಸ್ಕಾಟ್ಲೆಂಡಿನ ವಾಯವ್ಯಕ್ಕೆ ಲೂಯಿಸ್ ಎಂಬ ದ್ವೀಪವಿದೆ. ಅಲ್ಲಿನ ಸ್ಟೋರ್ನೊವೇ ಎಂಬ ಸಣ್ಣ ಬಂದರಿನಲ್ಲಿ 1754ರ ಸುಮಾರಿಗೆ ಮೆಕೆಂಜಿ ಹುಟ್ಟಿದ. ತಂದೆ ವ್ಯಾಪಾರಿ, ಊರಿನ ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದವನು. ಮಗ ತಾರುಣ್ಯದಲ್ಲಿ ಅದೇ ಬಂದರಿನ ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿದ್ದ. ಅವನಿಗೆ ಗಣಿತದಲ್ಲಿ ಆಸಕ್ತಿ. ನೇಪಿಯರ್ ಮನೆತನದ ಒಬ್ಬ ಪ್ರಭು ತನ್ನ ಪೂರ್ವಜನೂ ಲಾಗರಿದಮ್ ಎಂಬ ಲೆಕ್ಕಕ್ರಮವನ್ನು ಕಂಡುಹಿಡಿದವನೂ ಆದ ಜಾನ್ ನೇಪಿಯರನ ಚರಿತ್ರೆಯನ್ನು ಬರೆಯಲೆಳಸಿದ್ದ. ಅದಕ್ಕಾಗಿ ಹಿಂದೂಗಳ ಗಣಿತವನ್ನು ತಿಳಿಯುವ ಕುತೂಹಲ ಅವನದು. ಆ ಕುತೂಹಲ ತರುಣ ಮೆಕೆಂಜಿಗೂ ಅಂಟಿತು. 1783ರಲ್ಲಿ ಅವನು ಕಂಪನಿಯ ಸೈನ್ಯದಲ್ಲಿ ಕೆಡೆಟ್ಟಾಗಿ ಮದರಾಸಿಗೆ ಬಂದಿಳಿದ. ಇಂಥ ಕೆಲಸಕ್ಕೆ ಬರುವವರು ಸಾಮಾನ್ಯವಾಗಿ ಹದಿನೇಳು ಹದಿನೆಂಟರ ಹುಡುಗರು. ಇವನಿಗೆ ಆಗಲೇ ಮೂವತ್ತರ ಹತ್ತಿರ. ಹುಟ್ಟೂರನ್ನು ಮತ್ತೆ ನೋಡುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ.

ಮೊದಲ ಹದಿಮೂರು ವರ್ಷಗಳು ಸೈನಿಕನ ಬಾಳಿನಲ್ಲಿ ಕಳೆದವು. ಕಾಲಾಳು ದಳದಿಂದ ಇಂಜಿನಿಯರುಗಳ ದಳಕ್ಕೆ 1786ರಲ್ಲಿ ವರ್ಗವಾಯಿತು. 1790ರಿಂದ 1792ರವರೆಗಿನ ಮೈಸೂರು ಯುದ್ಧದಲ್ಲಿ ಬೆಂಗಳೂರಿನ ಮುತ್ತಿಗೆಯಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಅವನಿದ್ದ. ಅನಂತರ ನಿಜಾಮನ ಸೀಮೆಯ ಅಳತೆ. ನಡುವೆ ಸಿಂಹಳದ ದಂಡಯಾತ್ರೆ. ಇಂಜಿನಿಯರ್ ಎಂದರೆ ಆಗ ಕಟ್ಟುವವನೂ ಹೌದು, ಕೆಡವುವವನೂ ಹೌದು. ಕೋಟೆಯ ಯಾವ ಮೂಲೆಗೆ ಗುಂಡು ಹೊಡೆದರೆ ಗೋಡೆ ಬೀಳುತ್ತದೆಂದು ತಿಳಿಯಲು ಆ ಗೋಡೆಯನ್ನು ಕಟ್ಟಿದ ಬಗೆ ತಿಳಿದಿರಬೇಕು. ಈ ದೇಶದ ಕಟ್ಟಡಗಳನ್ನು ಮೆಕೆಂಜಿ ಮೊದಲು ನೋಡಿದ್ದು ಈ ಕಣ್ಣಿನಿಂದಲೇ ಎಂಬುದನ್ನು ನಾವು ಮರೆಯಲಾಗದು.

ಆ ಹದಿಮೂರು ವರ್ಷಗಳು ತನ್ನ ಕುತೂಹಲದ ಮಟ್ಟಿಗೆ ಬರಿದಾಗಿ ಹೋದವೆಂದು ಅವನೇ ಮುಂದೆ 1817ರಲ್ಲಿ ಮಿತ್ರನಾದ ಅಲೆಗ್ಸಾಂಡರ್ ಜಾನ್‌ಸ್ಟನ್ನನಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಬಿಡುವಿರಲಿಲ್ಲ, ಹಣವಿರಲಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ದೇಶಭಾಷೆಯ ಜ್ಞಾನವಿರಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಇಲ್ಲಿದ್ದರೂ ಅವನು ಸಂಸ್ಕೃತವನ್ನಾಗಲಿ ಕನ್ನಡ ತೆಲುಗುಗಳನ್ನಾಗಲಿ ಕಲಿತು ಪ್ರಭುತ್ವ ಪಡೆದವನಲ್ಲ. ಬಾಗಿಲು ತೆರೆದದ್ದು 1796ರಲ್ಲಿ. ಆ ವರ್ಷ ಅವನಿಗೆ ಏಲೂರಿನ ಕಡೆಯ ಕಾವಲಿ ವೆಂಕಟ ಬೋರಯ್ಯನೆಂಬ ತರುಣ ದೊರೆತ. ಇಪ್ಪತ್ತರ ಆ ಹುಡುಗನಿಗೆ ಹಲವು ಭಾಷೆಗಳು ಬರುತ್ತಿದ್ದವು; ಜನರ ಮನಸ್ಸನ್ನು ಅರಿತು ಮಾತನಾಡಿಸುವ ಜಾಣ್ಮೆಯೂ ಇತ್ತು. ಅವನ ಪರಿಚಯವೇ ಭಾರತೀಯ ಜ್ಞಾನದ ಹೆಬ್ಬಾಗಿಲಿಗೆ ತಾನಿಟ್ಟ ಮೊದಲ ಹೆಜ್ಜೆಯೆಂದು ಮೆಕೆಂಜಿ ಅದೇ ಪತ್ರದಲ್ಲಿ ಮುಕ್ತಕಂಠದಿಂದ ಹೇಳಿದ್ದಾನೆ.

1799ರಲ್ಲಿ ಟೀಪು ಸುಲ್ತಾನ ಮಡಿದು ಶ್ರೀರಂಗಪಟ್ಟಣ ಕಂಪನಿಯ ಕೈಸೇರಿತು. ಗೆದ್ದ ನಾಡಿನ ಅಳತೆ ಮೆಕೆಂಜಿಯ ಪಾಲಿಗೆ ಬಂತು. 1799–1800ರಲ್ಲಿ ಅವನು ಹಂಪೆಗೂ ಹೋಗಿ ಅಲ್ಲಿನ ಅವಶೇಷಗಳ ನಕ್ಷೆಯನ್ನು ತಯಾರಿಸಿದ. ವಿಜಯನಗರದ ಹಾಳು ಪಟ್ಟಣಕ್ಕೆ ನಮಗೆ ತಿಳಿದಂತೆ ಅದೇ ಮೊದಲ ಅಳತೆಯ ನಕ್ಷೆ. 2021ರವರೆಗೂ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹಂಪೆಯನ್ನು ಇಂದು ನೋಡಲು ಬರುವ ಸಾವಿರಾರು ಮಂದಿ ಕೈಯಲ್ಲಿ ಹಿಡಿಯುವ ನಕ್ಷೆಗಳ ವಂಶಾವಳಿ ಅಲ್ಲಿಂದ ಮೊದಲಾಗುತ್ತದೆ.

ಅನಂತರದ ಸುಮಾರು ಹತ್ತು ವರ್ಷ ಮೈಸೂರು ಸೀಮೆಯ ಅಳತೆ ನಡೆಯಿತು. ನಲವತ್ತು ಸಾವಿರ ಚದರ ಮೈಲಿಗಳಷ್ಟು ನೆಲವದು. ಬಯಲಿನಲ್ಲಿ ಒಂದು ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆಯುವುದು. ಅದರ ಎರಡು ತುದಿಗಳಿಂದ ದೂರದ ಗುಡ್ಡದ ನೆತ್ತಿಯನ್ನು ಗುರಿಯಿಟ್ಟು ಕೋನಗಳನ್ನು ಗುರುತಿಸುವುದು. ತ್ರಿಕೋನಕ್ಕೆ ತ್ರಿಕೋನವನ್ನು ಹೆಣೆದು ಇಡೀ ನಾಡನ್ನು ಕಾಗದದ ಮೇಲಿಳಿಸುವುದು. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ ಅಧಿಕಾರಿ ಇದೇ ವಿಧಾನದಿಂದ ಭೂಮಿಯ ಆಕಾರವನ್ನೇ ಅಳೆಯಲು ಹೊರಟಿದ್ದ. ಮೆಕೆಂಜಿಯ ದೃಷ್ಟಿ ಬೇರೆ. ಊರು, ಕೆರೆ, ಕಾಲುವೆ, ಬೆಳೆ, ಜಾತಿ, ಕಸುಬು, ಗುಡಿ ಇವೆಲ್ಲವೂ ಅವನ ಅಳತೆಯೊಳಗೆ ಬರಬೇಕು. ಅಷ್ಟೇ ಸಾಲದೆಂದು ಊರಿನ ಹಿಂದಿನ ಕಥೆಯೂ ಬೇಕೆಂದ. ಈ ಕಡೆಯದು ಸರಪಳಿಗೆ ಸಿಗುವಂಥದಲ್ಲ. ಅದನ್ನು ಕೇಳಿ ಬರೆದು ತರುವುದಕ್ಕೆ ಮನುಷ್ಯರು ಬೇಕು.

ಆ ಮನುಷ್ಯರನ್ನು ಬೋರಯ್ಯ ಹುಡುಕಿದ, ಪಳಗಿಸಿದ. ಊರೂರಿಗೆ ಹೋಗಿ ಶಾಸನಗಳ ಪ್ರತಿ ಮಾಡುವ, ಮಠಗಳಲ್ಲೂ ಮನೆಗಳಲ್ಲೂ ಇರುವ ಓಲೆಗರಿಗಳನ್ನು ನಕಲು ಮಾಡಿಸುವ, ಕರಣಿಕರ ಬಾಯಿಂದ ಕೈಫಿಯತ್ತುಗಳನ್ನು ಬರೆಯಿಸಿಕೊಳ್ಳುವ ಒಂದು ಕ್ರಮವೇ ರೂಪುಗೊಂಡಿತು. ಆದರೆ 1803ರಲ್ಲಿ ಬೋರಯ್ಯ ಇಪ್ಪತ್ತೇಳರ ಆಸುಪಾಸಿನಲ್ಲೇ ತೀರಿಕೊಂಡ. ಅವನ ಜಾಗಕ್ಕೆ ತಮ್ಮ ಲಕ್ಷ್ಮಯ್ಯ ಬಂದ. ಇನ್ನೊಬ್ಬ ತಮ್ಮ ರಾಮಸ್ವಾಮಿಯೂ ಜೊತೆಗೂಡಿದ. ನಾರಾಯಣರಾವ್, ಆನಂದರಾವ್, ಬಾಬುರಾವ್, ನಿಟ್ಟಲ ನಾಯನ ಮೊದಲಾದವರು ಸೀಮೆ ಸೀಮೆಗಳನ್ನು ಸುತ್ತಿ ತಿಂಗಳು ತಿಂಗಳೂ ತಮ್ಮ ಪ್ರಯಾಣದ ವರದಿಯನ್ನು ಕಳುಹಿಸುತ್ತಿದ್ದರು. ಎಲ್ಲಿ ತಂಗಿದೆವು, ಯಾರನ್ನು ಕಂಡೆವು, ಯಾವ ಕಡತ ದೊರೆಯಿತು, ಯಾವುದು ದೊರೆಯಲಿಲ್ಲ ಎಂಬುದೆಲ್ಲ ಅವುಗಳಲ್ಲಿ ಇರುತ್ತಿತ್ತು.

ಕನ್ನಡದ ಮಟ್ಟಿಗೆ ಈ ಬಳಗದಲ್ಲಿ ಮುಖ್ಯನಾದವನು ಜೈನ ಪಂಡಿತ ಧರ್ಮಯ್ಯ. ಚಾಮರಾಜನಗರದ ಬಳಿಯ ಮಲೆಯೂರಿನವನು. ಹಳಗನ್ನಡವನ್ನು ಬಲ್ಲವನಾದುದರಿಂದ ಇತರರ ಕಣ್ಣಿಗೆ ಬರಿಯ ಗೀಟುಗಳಾಗಿ ಕಂಡ ಪ್ರಾಚೀನ ಶಾಸನಾಕ್ಷರಗಳು ಅವನೆದುರಿಗೆ ಮಾತನಾಡಿದವು. ಅದೇ ಮಲೆಯೂರು ಕನಕಗಿರಿಯ ದೇವಚಂದ್ರನ ಹೆಸರನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ. ಮೆಕೆಂಜಿ ಆ ಕಡೆಗೆ ಬಂದಾಗ ದೇವಚಂದ್ರ ಸ್ವಲ್ಪ ಕಾಲ ಅವನ ಜೊತೆಗಿದ್ದು ಸ್ಥಳೀಯ ಚರಿತ್ರೆಗಳನ್ನು ಒದಗಿಸಿದ. ಸಂಗ್ರಹದ ಆ ಚಟ ಅವನನ್ನು ಆಮೇಲೂ ಬಿಡಲಿಲ್ಲ. ಮುಂದೆ ಮೈಸೂರು ಅರಮನೆಯ ದೇವಿರಮ್ಮಣ್ಣಿಯವರ ಆಶ್ರಯದಲ್ಲಿ ಅದು ರಾಜಾವಳಿ ಕಥೆ ಎಂಬ ಗ್ರಂಥವಾಯಿತು. ಜೈನ ಕವಿಗಳ ಕಾಲ, ಅರಸರ ಪರಂಪರೆ, ಜನಪದರ ಕಥೆ ಎಲ್ಲವೂ ಕಲೆತು ಬಂದಿರುವ ಆ ಗ್ರಂಥವನ್ನು ಸಾಹಿತ್ಯಚರಿತ್ರಕಾರರು ಎಷ್ಟು ಶಂಕಿಸಿದರೂ ಬಿಡಲಾರದೆ ಹೋದರು. ಒಬ್ಬ ಪರದೇಶಿಯ ಪ್ರಶ್ನೆ ಒಬ್ಬ ಕನ್ನಡಿಗನ ಕೈಯಲ್ಲಿ ಹೀಗೆ ಗ್ರಂಥವಾದುದು ಸಣ್ಣ ಮಾತಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ನಿಜಾಮ ಕಂಪನಿಯ ಸೈನ್ಯದ ವೆಚ್ಚಕ್ಕೆಂದು 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪ ಮುಂತಾದ ಪ್ರದೇಶಗಳನ್ನು ಬಿಟ್ಟುಕೊಟ್ಟ. ಇವಕ್ಕೆ ದತ್ತ ಮಂಡಲವೆಂಬ ಹೆಸರು ನಿಂತಿತು. ಥಾಮಸ್ ಮನ್ರೋ 1807ರವರೆಗೆ ಇವುಗಳ ಮುಖ್ಯ ಕಲೆಕ್ಟರನಾಗಿದ್ದ. 1808ರಲ್ಲಿ ಅವು ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆಗಳಾದವು. ಮೈಸೂರಿನ ಕೆಲಸ ಮುಗಿದ ಮೇಲೆ 1809ರಿಂದ ಮೆಕೆಂಜಿಯ ಅಳತೆಯ ತಂಡಗಳು ಈ ಸೀಮೆಗೆ ತಿರುಗಿ 1815ರವರೆಗೆ ದುಡಿದವು. ತುಂಗಭದ್ರೆಯಿಂದ ವಿಜಯನಗರದ ಕಾಲದಲ್ಲೇ ಕಾಲುವೆ ತೆಗೆದು ಗದ್ದೆ ಮಾಡಿದ ಸಿರುಗುಪ್ಪ, ದೇಶನೂರು, ಹಗರಿಯ ದಂಡೆಯ ಕಪ್ಪು ನೆಲ, ಬೋಳುಬಂಡೆಯ ಮೇಲೆ ನಿಂತ ಬಳ್ಳಾರಿಯ ಕೋಟೆ, ಸಿಂದರ ಕುರುಗೋಡು. ಅಳೆಯುವವನಿಗೂ ಕೇಳುವವನಿಗೂ ಇಲ್ಲಿ ಕೆಲಸಕ್ಕೆ ಕೊರತೆಯಿರಲಿಲ್ಲ. ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಆಡುವ ನಮ್ಮ ಸೀಮೆಗೆ ಎರಡನ್ನೂ ಬಲ್ಲ ಆ ಗುಮಾಸ್ತರು ತಕ್ಕವರೇ ಆಗಿದ್ದರು.

ಕೈಫಿಯತ್ತು ಎಂದರೆ ಊರಿನ ವೃತ್ತಾಂತ. ಊರಿಗೆ ಹೆಸರು ಬಂದ ಬಗೆ, ಗುಡಿ ಕಟ್ಟಿದ ಕಥೆ, ಪಾಳೆಯಗಾರರ ವಂಶ, ಕೆರೆಗೆ ಬಿಟ್ಟ ಮಾನ್ಯ, ಒಂದು ಸರಕಾರ ಹೋಗಿ ಇನ್ನೊಂದು ಬಂದ ಸಂವತ್ಸರ ಇವೆಲ್ಲ ಅದರಲ್ಲಿ ಬರುತ್ತವೆ. ಇವನ್ನು ಹೇಳಿಸುವುದು ಸುಲಭವಾಗಿರಲಿಲ್ಲ. ಹೊಸ ಸರಕಾರದ ಮನುಷ್ಯನೊಬ್ಬ ಬಂದು ಮಾನ್ಯದ ಶಾಸನವನ್ನು ತೋರಿಸೆಂದರೆ ಊರಿನವರು ಏನೆಂದುಕೊಂಡಾರು? ಇನಾಮನ್ನು ಕಿತ್ತುಕೊಂಡು ಕಂದಾಯ ಹೇರುವುದಕ್ಕೇ ಈ ವಿಚಾರಣೆ ಎಂಬ ಅಂಜಿಕೆ ಸಹಜ. ಆ ಅಂಜಿಕೆ ಪೂರ್ತಿ ನಿರಾಧಾರವೂ ಅಲ್ಲ. ಅಳತೆಯ ನಕ್ಷೆ ಆಳುವವರ ಕೈಯ ಆಯುಧವೇ ಸರಿ. ಆದ್ದರಿಂದ ಕಡತಗಳು ಅಡಗುತ್ತಿದ್ದವು, ಹಿರಿಯರು ಮೌನವಾಗುತ್ತಿದ್ದರು. ಅವರ ವಿಶ್ವಾಸವನ್ನು ಗಳಿಸಿ ಮಾತನ್ನು ಹೊರಡಿಸಿದ್ದು ಕೆಂಪು ಉಡುಪಿನ ದೊರೆಯಲ್ಲ. ಊರ ಛತ್ರದಲ್ಲಿ ತಂಗಿ, ಊರವರ ಮಾತಿನಲ್ಲೇ ಮಾತನಾಡಿದ ಗುಮಾಸ್ತರು.

ಮೆಕೆಂಜಿ 1810ರಲ್ಲಿ ಮದರಾಸಿನ ಸರ್ವೇಯರ್ ಜನರಲ್ ಆದ. ಮರುವರ್ಷ ಕಂಪನಿಯ ಸೈನ್ಯ ಡಚ್ಚರಿಂದ ಜಾವಾ ದ್ವೀಪವನ್ನು ಗೆಲ್ಲಲು ಹೊರಟಾಗ ಅವನೂ ಹೋದ. ಎರಡು ವರ್ಷ ಅಲ್ಲಿದ್ದು ಪ್ರಂಬಾನನ್ನಿನ ಹಾಳು ದೇಗುಲಗಳನ್ನು ನೋಡಿದ. 1812ರಲ್ಲಿ ಬಟಾವಿಯದಲ್ಲಿ ಪೆಟ್ರೊನೆಲ್ಲ ಬಾರ್ಟೆಲ್ಸ್ ಎಂಬಾಕೆಯನ್ನು ಮದುವೆಯಾದ. ಅವನಿಲ್ಲದ ಕಾಲದಲ್ಲಿಯೂ ಇಲ್ಲಿನ ಸಂಗ್ರಹ ನಿಲ್ಲಲಿಲ್ಲ. ಲಕ್ಷ್ಮಯ್ಯ ಅದನ್ನು ನಡೆಸಿಕೊಂಡು ಹೋದ. ಯಜಮಾನ ಸಮುದ್ರದಾಚೆ ಇರುವಾಗಲೂ ನಿಲ್ಲದ ಕೆಲಸ ಯಾರ ಕೆಲಸ ಎಂಬುದನ್ನು ಓದುಗರೇ ಯೋಚಿಸಬಹುದು.

1815ರಲ್ಲಿ ಅವನನ್ನು ಇಡೀ ಭಾರತದ ಸರ್ವೇಯರ್ ಜನರಲ್ ಆಗಿ ನೇಮಿಸಿದರು. ಆ ಪದವಿಯಲ್ಲಿ ಅವನೇ ಮೊದಲನೆಯವನು. ಕಲ್ಕತ್ತೆಗೆ ಹೊರಡುವ ಮುನ್ನ, 1816ರಲ್ಲಿ, ಕೃಷ್ಣಾ ತೀರದ ಅಮರಾವತಿಯ ಬೌದ್ಧ ಸ್ತೂಪವನ್ನು ಮತ್ತೊಮ್ಮೆ ಪರಿಶೀಲಿಸಿ ಚಿತ್ರಗಳನ್ನು ಬರೆಯಿಸಿದ. ಅದೇ ವರ್ಷ ಹಿಕ್ಕಿಯ ಎದುರಿಗೆ ನಿಂತ. ಉನ್ನತ ಪದವಿಗೇರಿದ ಅಧಿಕಾರಿ ಒಬ್ಬನೇ ನಿಂತು ಪಟ ಬರೆಯಿಸಿಕೊಳ್ಳುವುದು ಆ ಕಾಲದ ರೂಢಿ. ಮೆಕೆಂಜಿ ತನ್ನ ಪಂಡಿತರೊಡನೆಯೂ ಜವಾನನೊಡನೆಯೂ ನಿಂತ. ಭಾರತೀಯರು ಕಂಪನಿಯವರ ಪಟಗಳಲ್ಲಿ ಬರುವುದು ಹೊಸದೇನಲ್ಲ. ಹುಕ್ಕ ಹಿಡಿದು, ಕುದುರೆ ಹಿಡಿದು, ಕೊಡೆ ಹಿಡಿದು ಬರುತ್ತಿದ್ದರು. ಓಲೆಗರಿ ಹಿಡಿದು, ತಮ್ಮ ವಿದ್ಯೆಯ ಲಾಂಛನದೊಡನೆ ಬಂದುದು ಅಪರೂಪ.

1817ರಲ್ಲಿ ಕಲ್ಕತ್ತೆಗೆ ಹೋದ ಮೆಕೆಂಜಿ ಬಹಳ ದಿನ ಬದುಕಲಿಲ್ಲ. ಸಂಗ್ರಹವನ್ನೆಲ್ಲ ವರ್ಗೀಕರಿಸಿ ವಿವರವಾದ ಪಟ್ಟಿಯೊಂದನ್ನು ಸಿದ್ಧಪಡಿಸುವ ಆಸೆ ಅವನಿಗಿತ್ತು. ಆರೋಗ್ಯ ಕೆಟ್ಟಿತು. 1821ರ ಮೇ 8ರಂದು ಹೂಗ್ಲಿ ನದಿಯ ಮೇಲೆ ದೋಣಿಯಲ್ಲೇ ಪ್ರಾಣ ಹೋಯಿತು. ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನದಲ್ಲಿ ಅವನನ್ನು ಹೂಳಿದರು. ಅವನು ಬಿಟ್ಟುಹೋದ ರಾಶಿಯನ್ನು ಕಂಪನಿ ಅವನ ಹೆಂಡತಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಹೊರೇಸ್ ಹೇಮನ್ ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ನೋಡಿದರೆ ಆ ರಾಶಿಯ ಗಾತ್ರ ತಿಳಿಯುತ್ತದೆ: 1,568 ಗ್ರಂಥಗಳ ಹಸ್ತಪ್ರತಿಗಳು, 8,076 ಶಾಸನಗಳ ಪ್ರತಿಗಳು, ಎರಡು ಸಾವಿರಕ್ಕೆ ಮೀರಿದ ಸ್ಥಳವೃತ್ತಾಂತಗಳು, 2,630 ಚಿತ್ರಗಳು, 6,218 ನಾಣ್ಯಗಳು. ಮುಂದೆ ಇವು ಲಂಡನ್, ಮದರಾಸು, ಕಲ್ಕತ್ತೆಗಳಿಗೆ ಹಂಚಿಹೋದವು.

ಮೆಕೆಂಜಿಯ ಜೀವನ ಇಲ್ಲಿಗೆ ಮುಗಿಯುತ್ತದೆ. ಪಟದ ಕಥೆ ಮುಗಿಯುವುದಿಲ್ಲ. ಉಳಿದ ಕೆಲಸವನ್ನು ತಾನು ಮುಂದುವರಿಸುತ್ತೇನೆ, ಅನುಮತಿಯನ್ನೂ ನೆರವನ್ನೂ ಕೊಡಿರಿ ಎಂದು ಲಕ್ಷ್ಮಯ್ಯ 1830ರ ದಶಕದಲ್ಲಿ ಸರಕಾರವನ್ನು ಕೇಳಿಕೊಂಡ. ಸಂಗ್ರಹದ ಒಂದೊಂದು ಕಟ್ಟೂ ಎಲ್ಲಿಂದ ಯಾರ ಕೈಯಿಂದ ಬಂದಿತೆಂಬುದನ್ನು ಅವನಷ್ಟು ಬಲ್ಲವರು ಇನ್ನಾರೂ ಬದುಕಿರಲಿಲ್ಲ. ಸರಕಾರ ಅವನ ಯೋಜನೆಯನ್ನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಅಭಿಪ್ರಾಯಕ್ಕೆ ಕಳುಹಿಸಿತು. ಬ್ರಾಹ್ಮೀ ಲಿಪಿಯನ್ನು ಓದಿದ ಕೀರ್ತಿಗೆ ಪಾತ್ರನಾದ ಜೇಮ್ಸ್ ಪ್ರಿನ್ಸೆಪ್ ಆಗ ಅದರ ಕಾರ್ಯದರ್ಶಿ. ಇಂಥ ಕೆಲಸಕ್ಕೆ ಬೇಕಾದ ವಿಮರ್ಶನ ಶಕ್ತಿ ಈ ದೇಶದವರಲ್ಲಿಲ್ಲವೆಂಬ ಅಭಿಪ್ರಾಯವನ್ನು ಸೊಸೈಟಿ ಕೊಟ್ಟಿತು. ಲಕ್ಷ್ಮಯ್ಯನ ಕೋರಿಕೆ ಬಿದ್ದುಹೋಯಿತು. ಮದರಾಸಿನ ಹಸ್ತಪ್ರತಿಗಳು ಪಾದ್ರಿ ವಿಲಿಯಂ ಟೇಲರನ ಕೈಗೆ ಹೋದವು. ಮೂವತ್ತು ವರ್ಷ ಕೂಡಿಸಿದವನಿಗೆ ವಿವೇಚನೆಯಿಲ್ಲ. ಕೂಡಿಸಿದ್ದನ್ನು ನೋಡಿದವನಿಗೆ ಮಾತ್ರ ಅದುಂಟು! ಲಕ್ಷ್ಮಯ್ಯನ ತಮ್ಮ ರಾಮಸ್ವಾಮಿಯಾದರೋ ಆ ವೇಳೆಗೆ, 1829ರಲ್ಲಿಯೇ, ದಕ್ಷಿಣದ ಕವಿಗಳ ಚರಿತ್ರೆಯೊಂದನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ್ದ. ವಿಮರ್ಶನ ಶಕ್ತಿಯ ಪ್ರಶ್ನೆಗೆ ಅದೊಂದು ಉತ್ತರವಾಗಬಹುದಿತ್ತು. ಅದನ್ನು ಕೇಳುವ ಕಿವಿ ಕಲ್ಕತ್ತೆಯಲ್ಲಿರಲಿಲ್ಲ.

ಮೆಕೆಂಜಿಯನ್ನು ಈ ಅನ್ಯಾಯಕ್ಕೆ ಹೊಣೆ ಮಾಡುವುದು ಸಲ್ಲದು. ತನ್ನ ಸಹಾಯಕರ ಋಣವನ್ನು ಅವನು ಬರವಣಿಗೆಯಲ್ಲೂ ಒಪ್ಪಿಕೊಂಡ, ಬಣ್ಣದಲ್ಲೂ ಒಪ್ಪಿಕೊಂಡ. ಜೈನರನ್ನು ಕುರಿತು ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಬಂದ ಲೇಖನವನ್ನು ಭಾಷಾಂತರಿಸಿಕೊಟ್ಟವನು ಬೋರಯ್ಯನೆಂದು ಅಲ್ಲೇ ತಿಳಿಸಿದ. ಹಾಗೆಂದು ಅವನನ್ನು ಬರಿಯ ವಿದ್ಯಾಪ್ರೇಮಿಯೆಂದು ಕೊಂಡಾಡಿದರೂ ಸರಿಹೋಗದು. ಅವನು ಗೆದ್ದವರ ಸೈನ್ಯದವನು. ಸಂಬಳ ಕೊಟ್ಟವರು ಗೆದ್ದವರು. ಊರವರ ನೆನಪು ಊರಿಗೆ ಉಳಿಯದೆ ಸಮುದ್ರದಾಚೆಗೆ ಹೋದದ್ದೂ ಆ ಗೆಲುವಿನಿಂದಲೇ. ಎರಡೂ ನಿಜ. ಚರಿತ್ರೆಯ ವಿದ್ಯಾರ್ಥಿ ಒಂದನ್ನು ಹೇಳಿ ಇನ್ನೊಂದನ್ನು ಬಿಡಬಾರದು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಬರೋಕ್ ಸಂಪ್ರದಾಯದಂತೆ ನಾಯಕನ ಕೃತಿ ಅವನ ಪಕ್ಕದಲ್ಲಿರಬೇಕು. ಮೆಕೆಂಜಿಯ ಪಕ್ಕದಲ್ಲಿರುವವರು ಮೂವರು ಮನುಷ್ಯರು, ಹಿಂದಿರುವುದು ಇನ್ನಾರೋ ಕಡೆದ ಗೊಮ್ಮಟ. ಅವನು ಏನನ್ನೂ ಕಟ್ಟಲಿಲ್ಲ. ಕಟ್ಟಿದವರ ಸುದ್ದಿಯನ್ನು ಕೂಡಿಸುವ ಒಂದು ಬಳಗವನ್ನು ಕಟ್ಟಿದ. ಆ ಬಳಗವೇ ಅವನ ಕೃತಿ. ಹಿಕ್ಕಿ ಉದ್ದೇಶಪಟ್ಟು ಹೀಗೆ ಬರೆದನೋ ರೂಢಿಯಂತೆ ಬರೆದನೋ, ಪಟ ಮಾತ್ರ ನಿಜವನ್ನು ಹೇಳಿದೆ. ಆದರೆ ನಾವು ಅದನ್ನು ಮೆಕೆಂಜಿಯ ಪಟವೆಂದೇ ಕರೆಯುತ್ತೇವೆ. ಪಠ್ಯಪುಸ್ತಕಗಳಲ್ಲಿ ಅಚ್ಚಾಗುವಾಗ ಅಡಿಯಲ್ಲಿ ಮೆಕೆಂಜಿ ಮತ್ತು ಸಹಾಯಕರು ಎಂದಿರುತ್ತದೆ. ನಾಲ್ವರ ಹೆಸರನ್ನೂ ಬರೆಯಲು ಒಂದು ಸಾಲಿಗಿಂತ ಹೆಚ್ಚು ಜಾಗ ಬೇಕಾಗುವುದಿಲ್ಲ.

ಈ ಸಂಗ್ರಹದ ಕನ್ನಡ ಭಾಗ ನಮ್ಮ ಕೈಗೆ ಬರಲು ಬಹಳ ಕಾಲ ಹಿಡಿಯಿತು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದುದರಿಂದ ಬಿ. ಎಲ್. ರೈಸ್ ಮೈಸೂರು ಸೀಮೆಗೆ ಮಾಡಿದ ಶಾಸನಸಂಪುಟಗಳಲ್ಲಿ ನಮ್ಮ ಊರುಗಳಿಲ್ಲ. ಅವನ್ನು ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಹುಡುಕಬೇಕು. ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಹೊರತಂದಿತು. ಇವನ್ನು ಓದುವಾಗ ಎಚ್ಚರ ಬೇಕು. ಹೇಳಿದವನು ತನ್ನ ಊರನ್ನು ಹೆಚ್ಚಿಸಿ ಹೇಳಿರಬಹುದು. ತನ್ನ ಮಾನ್ಯ ಉಳಿಯಲೆಂದು ಅರಸನೊಬ್ಬನನ್ನು ನೂರು ವರ್ಷ ಹಿಂದಕ್ಕೆ ತಳ್ಳಿರಬಹುದು. ಪುರಾಣವೂ ಚರಿತ್ರೆಯೂ ಅಲ್ಲಿ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ. ಶಾಸನದ ಪಕ್ಕದಲ್ಲಿಟ್ಟು ತೂಗಿ ನೋಡಿಯೇ ಒಪ್ಪಬೇಕು.

ಅಂಥ ತೂಗುವಿಕೆಗೆ ನಮ್ಮವರು ಅನರ್ಹರೆಂದು 1830ರ ದಶಕದಲ್ಲಿ ಒಂದು ತೀರ್ಪಾಯಿತು. ಆ ತೀರ್ಪನ್ನು ಕಾಗದದ ಮೇಲೆ ಯಾರೂ ರದ್ದುಮಾಡಲಿಲ್ಲ, ರದ್ದಾಗುವುದು ಕೆಲಸದಿಂದ. ಕುರುಗೋಡಿನ ಒಂದು ಶಾಸನವನ್ನು, ಸಿರುಗುಪ್ಪದ ಒಂದು ಹಳೆಯ ಕಾಲುವೆಯನ್ನು, ಬಳ್ಳಾರಿ ಕೋಟೆಯ ಒಂದು ಐತಿಹ್ಯವನ್ನು ಎತ್ತಿಕೊಂಡು, ಊರಿನ ಹಿರಿಯರು ಹೇಳುವುದನ್ನೂ ಕಲ್ಲು ಹೇಳುವುದನ್ನೂ ಎರಡು ಕಡೆ ಬರೆದು, ಎಲ್ಲಿ ಕೂಡುತ್ತವೆ ಎಲ್ಲಿ ಕೂಡುವುದಿಲ್ಲ ಎಂದು ತೋರಿಸಬಲ್ಲ ವಿದ್ಯಾರ್ಥಿ ಲಕ್ಷ್ಮಯ್ಯನ ಕೋರಿಕೆಯನ್ನು ಅಷ್ಟರಮಟ್ಟಿಗೆ ನೆರವೇರಿಸುತ್ತಾನೆ. ಇಂಥ ಬರಹಗಳನ್ನು ವರ್ಷಕ್ಕೊಂದೆರಡಾದರೂ ನನ್ನ ತರಗತಿಯ ಹುಡುಗರೂ ಹುಡುಗಿಯರೂ ತಂದುಕೊಡುತ್ತಾರೆ. ಅವುಗಳಲ್ಲಿ ಕಥೆ ಹೇಳಿದ ಊರವರ ಹೆಸರನ್ನು ಮೊದಲು ಬರೆಯಬೇಕೆಂಬುದು ನಾನು ಹಾಕಿರುವ ಒಂದೇ ಒಂದು ನಿಯಮ.